ಅಮೆರಿಕದಲ್ಲಿದ್ದಾಗ ಹೊಸ ಹಲ್ಲುಸೆಟ್: ಅಲ್ಲೇ ಮಾಡಿಸೋದಾ, ಊರಿಗೆ ಬಂದಾಗಲಾ?

ಅಪ್ಪನ ಹಲ್ಲುಸೆಟ್ ಒಡೆದಿದೆ, ಎಲ್ಲಿ ಮಾಡಿಸೋದು ಅಂತ ಕೇಳಿದ್ರಿ ಅಲ್ವಾ? ಬರೀ ಖರ್ಚು ನೋಡಿದರೆ ಬೆಂಗಳೂರೇ ಅಗ್ಗ. ಆದರೆ ಅದಕ್ಕೆಂದೇ ಬಂದರೆ ಉಳಿದ ದುಡ್ಡೆಲ್ಲ ವಿಮಾನದ ಟಿಕೆಟ್‌ಗೇ ಹೋಗುತ್ತದೆ. ಅಮೆರಿಕದ ಡೆಂಟಲ್ ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ. ವಿದ್ಯಾರ್ಥಿಗಳು ಮಾಡುವುದರಿಂದ ಓಡಾಟ ಜಾಸ್ತಿ. ಅರಿಜೋನಾದ ಯೂಮಾ ಹತ್ತಿರವಿದ್ದರೆ ಗಡಿಯಾಚೆ ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್ ಇದೆ, ತುಂಬ ಜನ ಹಲ್ಲಿಗಾಗಿಯೇ ಹೋಗುವ ಊರು. ಅಮೆರಿಕಕ್ಕೆ ವಾಪಸ್ ಬರಲು ಕಾಗದಪತ್ರ ಸರಿಯಿರಬೇಕು.

ನಿಜವಾದ ಕಷ್ಟ ಸೆಟ್ ಕೈಗೆ ಬಂದ ಮೇಲೆ. ಒಸಡು ಉಜ್ಜಿ ಕೆಂಪಗಾಗುತ್ತದೆ, ಚಪಾತಿ ಅಗಿಯಲು ಆಗುವುದಿಲ್ಲ. ಎರಡು ಮೂರು ಸಲ ಡಾಕ್ಟರ ಹತ್ತಿರ ಹೋಗಿ ಸೆಟ್‌ನ ಅಂಚು ತೇಯಿಸಬೇಕಾಗುತ್ತದೆ. ಅದಕ್ಕೇ ಊರಲ್ಲಿ ಒಂದೂವರೆ ತಿಂಗಳು ಇರುವುದಾದರೆ ಇಲ್ಲೇ ಮಾಡಿಸಿ. ಎರಡೇ ವಾರದ ರಜೆಯಾದರೆ ಅಲ್ಲಿನ ಕಾಲೇಜೇ ವಾಸಿ. ಬರೀ ಬಿರುಕು ಬಿಟ್ಟಿದ್ದರೆ ರಿಪೇರಿ ಸಾಕಾಗಬಹುದು. ಮನೆಯಲ್ಲಿರುವ ಗಮ್ ಮಾತ್ರ ಹಚ್ಚಬೇಡಿ.