ಮಕ್ಕಳಿಗೆ ಗೇಮ್ ಕೊಡಿಸುವ ಮುಂಚೆ, ಅದು ಯಾವ ಈಮೇಲ್‌ಗೆ ಗಂಟು ಬೀಳುತ್ತೆ ಅಂತ ನೋಡಿ

ಕಂಪ್ಯೂಟರ್ ಗೇಮ್ ಕೊಳ್ಳುವವರು, ಅದರಲ್ಲೂ ಮಕ್ಕಳಿಗೆ ಗೇಮ್ ಕೊಡಿಸುವ ಅಪ್ಪ ಅಮ್ಮಂದಿರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ದಸರಾ ರಜೆಯಲ್ಲಿ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಮಗ ಒಂಬತ್ತನೇ ಕ್ಲಾಸು. ಅವನ ಹುಟ್ಟುಹಬ್ಬಕ್ಕೆ ಆನ್‌ಲೈನ್ ಅಂಗಡಿಯೊಂದರಲ್ಲಿ 2,499 ರೂಪಾಯಿ ಕೊಟ್ಟು ಕಾರ್ ರೇಸಿನ ಗೇಮ್ ಕೊಡಿಸಿದ್ದೆ. ಒಬ್ಬನೇ ಕೂತು ಆಡಬಹುದಾದ ಆಟ, ನೆಟ್‌ನಲ್ಲಿ ಬೇರೆಯವರ ಜೊತೆ ಆಡುವ ಉಸಾಬರಿಯೇ ಅವನಿಗಿಲ್ಲ. ಬೆಂಗಳೂರಿನ ಮನೆಯಲ್ಲಿ ಐದು ತಿಂಗಳು ಚೆನ್ನಾಗಿಯೇ ನಡೆಯಿತು. ರಜೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಶಿರಸಿ ಹತ್ತಿರದ ಅಜ್ಜನ ಮನೆಗೆ ಹೋದ. ಎರಡನೇ ದಿನ ಸಂಜೆ ಅಲ್ಲಿನ ಲ್ಯಾಂಡ್‌ಲೈನಿನಿಂದ ಫೋನು: "ಅಪ್ಪಾ, ಗೇಮ್ ಓಪನ್ನೇ ಆಗ್ತಿಲ್ಲ. ಲಾಗಿನ್ ಕೇಳ್ತಾ ಇದೆ."

ಊರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಮಾತ್ರ. ಮರುದಿನ ಬೆಳಿಗ್ಗೆ ಹುಡುಗ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅಜ್ಜನ ಜೊತೆ ಗುಡ್ಡ ಹತ್ತಿದ. ಅಜ್ಜನ ಫೋನಿನಿಂದ ಹಾಟ್‌ಸ್ಪಾಟ್ ಹಾಕಿ, ನಾನು ಹೇಳಿದ ಪಾಸ್‌ವರ್ಡ್ ಟೈಪ್ ಮಾಡಿದ. ಪಾಸ್‌ವರ್ಡೇನೋ ಸರಿಯಿತ್ತು. ಆದರೆ ಹೊಸ ಜಾಗದಿಂದ ಲಾಗಿನ್ ಆಗುತ್ತಿದ್ದೀರಿ, ಈಮೇಲ್‌ಗೆ ಕಳಿಸಿರುವ ಕೋಡ್ ಹಾಕಿ ಅಂತ ಬಂತು. ಆ ಈಮೇಲ್ ನಾನು 2022ರಲ್ಲಿ ಬಿಟ್ಟು ಬಂದ ಕಂಪನಿಯದ್ದು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ. ಗೇಮ್ ಕೊಂಡ ಅಂಗಡಿಯಲ್ಲಿ ನನ್ನದೊಂದು ಅಕೌಂಟ್ ಇದೆ. ಅದು ನನ್ನ ಸ್ವಂತ ಈಮೇಲ್‌ನದ್ದು, ಇವತ್ತಿಗೂ ಸರಿಯಾಗಿದೆ. ಆದರೆ ಗೇಮ್ ಮೊದಲ ಸಲ ಶುರುವಾಗುವಾಗ ಅದನ್ನು ಹೊರತಂದ ಕಂಪನಿಯ ಇನ್ನೊಂದು ಅಕೌಂಟ್ ಕೇಳುತ್ತೆ. 2016ರಲ್ಲಿ ಇದೇ ಕಂಪನಿಯ ಬೇರೊಂದು ಆಟ ಕೊಂಡಾಗ, ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಈಮೇಲ್ ಕೊಟ್ಟು ಆ ಅಕೌಂಟ್ ಮಾಡಿದ್ದೆ. ಆವತ್ತೇ ಎರಡೂ ಅಕೌಂಟ್ ಒಂದಕ್ಕೊಂದು ಜೋಡಣೆಯಾಗಿವೆ. ಒಮ್ಮೆ ಲಾಗಿನ್ ಆದಮೇಲೆ ಕಂಪ್ಯೂಟರಿನಲ್ಲಿ ಅದರ ಗುರುತು ಉಳಿದಿರುತ್ತೆ, ಹಾಗಾಗಿ ಮನೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಆ ಗುರುತಿನ ಅವಧಿ ಮುಗಿದದ್ದು ಹುಡುಗ ಊರಿಗೆ ಹೋದ ವಾರವೇ.

ಹೊಸ ಈಮೇಲ್ ಕೊಟ್ಟು ಹೊಸ ಅಕೌಂಟ್ ಮಾಡಿಬಿಡೋಣ ಅಂದುಕೊಂಡೆ. ಮಾಡಿದೆ. ನಿಮ್ಮ ಅಂಗಡಿ ಅಕೌಂಟ್ ಈಗಾಗಲೇ ಬೇರೊಂದಕ್ಕೆ ಜೋಡಣೆಯಾಗಿದೆ, ಮೊದಲು ಅದನ್ನು ಬಿಡಿಸಿ ಅಂತ ಬಂತು. ಬಿಡಿಸಬೇಕಾದರೆ ಹಳೇ ಅಕೌಂಟಿಗೇ ಲಾಗಿನ್ ಆಗಬೇಕು, ಅದಕ್ಕೆ ಕೋಡ್ ಬೇಕು, ಕೋಡ್ ಹೋಗುವುದು ಇಲ್ಲದ ಈಮೇಲ್‌ಗೆ. ಅಂಗಡಿಯವರಿಗೆ ಬರೆದೆ. ದುಡ್ಡು ವಾಪಸ್ ಕೇಳುವ ಗಡುವು ಮುಗಿದಿದೆ, ಅಕೌಂಟ್ ವಿಷಯ ಗೇಮ್ ಕಂಪನಿಯನ್ನೇ ಕೇಳಿ ಅಂದರು. ಕಂಪನಿಗೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು, ಸ್ಕ್ರೀನ್‌ಶಾಟು ಎಲ್ಲ ಕಳಿಸಿದೆ. ಹತ್ತೊಂಬತ್ತು ದಿನ ಆದಮೇಲೆ ಎರಡು ಸಾಲಿನ ಉತ್ತರ: ನೋಂದಾಯಿಸಿದ ಈಮೇಲ್ ಕೈಯಲ್ಲಿಲ್ಲದೆ ಬದಲಾವಣೆ ಸಾಧ್ಯವಿಲ್ಲ. ಕೊನೆಗೆ ಹಳೇ ಆಫೀಸಿನ ಎಚ್‌ಆರ್‌ಗೂ ಫೋನ್ ಮಾಡಿದೆ. ಆಯಮ್ಮ ಮರ್ಯಾದೆಯಿಂದಲೇ ಮಾತಾಡಿದರು. ಆ ವಿಳಾಸ ಯಾವತ್ತೋ ಅಳಿಸಿ ಹೋಗಿದೆ, ಮತ್ತೆ ತೆರೆಯಲು ನಿಯಮ ಬಿಡುವುದಿಲ್ಲ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ನಿಜವಾಗಿ ಅರ್ಥವಾದದ್ದು ಆವತ್ತು. ಅದೇ ಅಕೌಂಟಿಗೆ ಅಂಟಿಕೊಂಡಿದ್ದ ಇನ್ನೂ ಐದು ಆಟಗಳು ಜೊತೆಗೇ ಹೋದವು.

ಕೋಡ್ ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಕಾವಲು ಇಲ್ಲದಿದ್ದರೆ ಯಾರು ಬೇಕಾದರೂ ಅಕೌಂಟ್ ಕದಿಯಬಹುದು. ಒಬ್ಬನೇ ಆಡುವ ಆಟಕ್ಕೆ, ದುಡ್ಡು ಕೊಟ್ಟಾಗಿರುವಾಗ, ಆ ಎರಡನೇ ಬೀಗ ಯಾಕೆ ಬೇಕಿತ್ತು ಅನ್ನುವುದೇ ನನ್ನ ಸಿಟ್ಟು.

ಆಮೇಲೆ ಇದರ ಹಿಂದೆ ಬಿದ್ದು ಓದಿದಾಗ ಗೊತ್ತಾಯಿತು, ಈ ಸಂಕಟ ಹೊಸದಲ್ಲ. ನಕಲು ತಡೆಯುವ ಹೆಸರಿನಲ್ಲಿ 2008ರಲ್ಲಿ ಸ್ಪೋರ್ ಆಟವನ್ನು ಮೂರು ಸಲ ಮಾತ್ರ ಆಕ್ಟಿವೇಟ್ ಮಾಡಬಹುದು ಅಂತ ಕಟ್ಟು ಹಾಕಿದ್ದರು. ಜನ ಕೂಗೆಬ್ಬಿಸಿದ ಮೇಲೆ ಅದನ್ನು ಐದಕ್ಕೆ ಏರಿಸಿದರು. 2010ರಲ್ಲಿ ಅಸ್ಯಾಸಿನ್ಸ್ ಕ್ರೀಡ್ 2ರ ಕಂಪ್ಯೂಟರ್ ಆವೃತ್ತಿಗೆ ಆಡುವಷ್ಟು ಹೊತ್ತೂ ನೆಟ್ ಇರಲೇಬೇಕಿತ್ತು. ಅದು ಬಂದ ಮಾರ್ಚ್ ತಿಂಗಳಲ್ಲೇ ಯಾರೋ ಸರ್ವರ್ ಮೇಲೆ ದಾಳಿ ಮಾಡಿದರು, ದುಡ್ಡು ಕೊಟ್ಟು ಕೊಂಡವರು ಆಡಲಾಗದೆ ಕೂತರು. 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿ ಬಂದಾಗಲೂ ಇದೇ ಪಾಡು. ತನ್ನ ಪಾಡಿಗೆ ಊರು ಕಟ್ಟುತ್ತ ಕೂರುವ ಆಟಕ್ಕೆ ಸರ್ವರ್ ಬೇಕಿತ್ತು, ಆ ಸರ್ವರಿಗೆ ಜನರ ಭಾರ ತಡೆಯಲಾಗಲಿಲ್ಲ. ನೆಟ್ ಇಲ್ಲದೆ ಆಡುವ ಸೌಲಭ್ಯ ಕೊಡಲು ಒಂದು ವರ್ಷ ಹಿಡಿಯಿತು.

ನನ್ನನ್ನು ಹೆಚ್ಚು ಕಲಕಿದ್ದು ದಿ ಕ್ರೂ ಅನ್ನುವ ಆಟದ ಕಥೆ. ಅದೂ ಕಾರಿನದ್ದೇ, 2014ರ ಡಿಸೆಂಬರ್‌ನಲ್ಲಿ ಬಂದದ್ದು. 2024ರ ಮಾರ್ಚ್ 31ಕ್ಕೆ ಅದನ್ನು ಹೊರತಂದ ಯೂಬಿಸಾಫ್ಟ್ ಕಂಪನಿ ಸರ್ವರ್ ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಸರ್ವರನ್ನೇ ನಂಬಿಕೊಂಡಿತ್ತು, ಹಾಗಾಗಿ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಸತ್ತುಹೋಯಿತು. ಸಾಲದ್ದಕ್ಕೆ ಕೆಲವೇ ದಿನಗಳಲ್ಲಿ ಕೊಂಡವರ ಅಕೌಂಟಿನಿಂದ ಲೈಸೆನ್ಸನ್ನೂ, ಅಂದರೆ ಆಡುವ ಅನುಮತಿಯನ್ನೂ, ಕಿತ್ತುಕೊಂಡರು. ಇದರಿಂದಲೇ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ (ಆಟಗಳನ್ನು ಕೊಲ್ಲಬೇಡಿ) ಅನ್ನುವ ಚಳವಳಿ ಶುರು ಮಾಡಿದರು, ಯುರೋಪಿನಲ್ಲಿ ಅದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ: ಹೀಗೆ ಹಿಂದಕ್ಕೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಮಾಲಿಗೆ 'ಕೊಳ್ಳಿ' ಅಂತ ಬರೆಯುವುದಾದರೆ, ಸಿಗುವುದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸಬೇಕು. 2,499 ರೂಪಾಯಿ ಕೊಡುವಾಗ ನನಗೆ ಯಾರಾದರೂ ಅಷ್ಟು ಹೇಳಿದ್ದರೆ ಸಾಕಿತ್ತು.

ಹಾಗಾದರೆ ಹಳೇ ಸಿಡಿಗಳೇ ವಾಸಿ ಅಂತ ಅಟ್ಟದಿಂದ ಡಬ್ಬ ಇಳಿಸಿದೆ. ನನ್ನ ಕಾಲೇಜು ದಿನಗಳ ಆಟಗಳು, ಸಿಡಿ ಮೇಲೆ ಒಂದು ಗೀರಿಲ್ಲ. ಮೂರರಲ್ಲಿ ಎರಡು ಶುರುವೇ ಆಗಲಿಲ್ಲ. ಆಗ ನಕಲು ತಡೆಯಲು ಸೇಫ್‌ಡಿಸ್ಕ್ ಅನ್ನುವ ವ್ಯವಸ್ಥೆ ಬಹಳ ಆಟಗಳಲ್ಲಿತ್ತು. ಅದು ವಿಂಡೋಸಿನ ಒಳಗೇ ಡ್ರೈವರ್ ಅನ್ನುವ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಂಡು ಅಸಲಿ ಸಿಡಿ ಹೌದೋ ಅಲ್ಲವೋ ಅಂತ ನೋಡುತ್ತಿತ್ತು. ಆ ಡ್ರೈವರಿನಲ್ಲಿ ಭದ್ರತೆಯ ತೂತು ಇದ್ದದ್ದರಿಂದ ಮೈಕ್ರೋಸಾಫ್ಟ್ 2015ರಲ್ಲಿ ಬಂದ ವಿಂಡೋಸ್ 10ರಿಂದ ಅದನ್ನು ಕೈಬಿಟ್ಟಿತು. ಮಾಡಿದ್ದು ಸರಿಯೇ. ಆದರೆ ಬೀಗದ ಜೊತೆ ಒಳಗಿದ್ದ ಆಟವೂ ಹೋಯಿತು.

ಈಗ ನೀವು ಮಾಡಬೇಕಾದದ್ದು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಳ್ಳುವವರಾದರೆ ಗೇಮಿನ ಪುಟದಲ್ಲಿ ಬಲಗಡೆ ನೋಡಿ, ಬೇರೆ ಕಂಪನಿಯ ಅಕೌಂಟ್ ಬೇಕು ಅಂತಲೋ ನಕಲು ತಡೆಯುವ ಡೆನುವೋ ಅನ್ನುವ ಬೀಗ ಇದೆ ಅಂತಲೋ ಚಿಕ್ಕ ಚೌಕದಲ್ಲಿ ಬರೆದಿರುತ್ತೆ. ನಾನೂ ಸೇರಿ ಬಹುತೇಕರು ಅದನ್ನು ಓದದೆ ಬೆಲೆ ಮಾತ್ರ ನೋಡುತ್ತೇವೆ. ಅಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತೆ. ಹಾಗಾಗಿ ಕೊಂಡ ದಿನವೇ ನೆಟ್ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಟ ಶುರುವಾಗುತ್ತಾ ನೋಡಿ. ನಾನು ಈ ಐದು ನಿಮಿಷದ ಕೆಲಸ ಮಾಡಿರಲಿಲ್ಲ. ಜಿಒಜಿ ಅನ್ನುವ ಅಂಗಡಿ ಬೀಗವಿಲ್ಲದ ಇನ್‌ಸ್ಟಾಲರನ್ನೇ ಇಳಿಸಿಕೊಳ್ಳಲು ಕೊಡುತ್ತೆ, ಹಾರ್ಡ್ ಡಿಸ್ಕಿಗೆ ಹಾಕಿಟ್ಟರೆ ಆಮೇಲೆ ಯಾರ ಅಪ್ಪಣೆಯೂ ಬೇಡ. ಅಲ್ಲಿ ಎಲ್ಲ ಆಟ ಸಿಗುವುದಿಲ್ಲ, ಸಿಗುವುದಾದರೆ ಅಲ್ಲೇ ಕೊಳ್ಳಿ.

ಆಫೀಸಿನ ಈಮೇಲ್, ಕಾಲೇಜಿನ ಈಮೇಲ್ ಯಾವತ್ತೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತು ರಾತ್ರಿಯೇ ಬದಲಾಯಿಸಿ, ಲಾಗಿನ್ ಇನ್ನೂ ಜೀವಂತ ಇರುವಾಗಲೇ. ಮೊಬೈಲ್ ನಂಬರಿಗೂ ಇದೇ ಮಾತು. ಬಿಟ್ಟ ನಂಬರನ್ನು ತೊಂಬತ್ತು ದಿನ ಕಳೆದಮೇಲೆ ಬೇರೆಯವರಿಗೆ ಕೊಡಬಹುದು, ಆಮೇಲೆ ನಿಮ್ಮ ಓಟಿಪಿ ಅವರ ಕೈಗೆ. ಕೆಲಸ ಬಿಡುವವರು ಪಿಎಫ್, ಬ್ಯಾಂಕು ಅಂತ ನೆನಪಿಟ್ಟು ಬದಲಾಯಿಸುತ್ತಾರೆ, ಗೇಮ್ ಅಕೌಂಟ್ ಯಾರ ನೆನಪಿಗೂ ಬರುವುದಿಲ್ಲ.

ಕ್ರ್ಯಾಕ್, ಅಂದರೆ ಗೇಮಿನ ಬೀಗ ಮುರಿಯುವ ಫೈಲು, ಹಾಕಿಕೊಡುತ್ತೇನೆ ಅಂತ ಇಬ್ಬರು ಗೆಳೆಯರು ಹೇಳಿದರು, ಬೇಡ ಅಂದೆ. ಯಾರೋ ತಿದ್ದಿದ ಫೈಲನ್ನು, ನಮ್ಮ ಬ್ಯಾಂಕಿನ ವ್ಯವಹಾರವೂ ನಡೆಯುವ ಲ್ಯಾಪ್‌ಟಾಪಿನಲ್ಲಿ, ಆಂಟಿವೈರಸ್ ಆಫ್ ಮಾಡಿ ಓಡಿಸುವ ಧೈರ್ಯ ನನಗಿಲ್ಲ. ನೀವೂ ಮಾಡಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ದೂರಿನ ನಂಬರ್ ಬಂದಿದೆ. ಮಗ ಈಗ ಅದರ ಸುದ್ದಿ ಎತ್ತುವುದಿಲ್ಲ. ರಜೆಯ ಉಳಿದ ದಿನ ಅಜ್ಜನ ಜೊತೆ ಚೌಕಾಬಾರ ಆಡಿದನಂತೆ. ಹಳೇ ಈಮೇಲ್ ಇಲ್ಲದೆಯೂ ಇಂಥ ಅಕೌಂಟ್ ವಾಪಸ್ ಪಡೆದವರು ಯಾರಾದರೂ ಇದ್ದರೆ, ಯಾವ ದಾಖಲೆ ಕೊಟ್ಟಿರಿ, ಎಷ್ಟು ದಿನ ಹಿಡಿಯಿತು ಅಂತ ದಯವಿಟ್ಟು ತಿಳಿಸಿ.