ಬಾಡಿಗೆ ತಪ್ಪದೆ ಬರುತ್ತಿದ್ದ ಮನೆ: ಕೊಡಗಿನ ಸಣ್ಣ ಮಾಲೀಕರಿಗೊಂದು ಎಚ್ಚರಿಕೆ

ಒಂದೋ ಎರಡೋ ಮನೆಗಳನ್ನು ಬಾಡಿಗೆಗೆ ಕೊಟ್ಟು ತಾವು ಬೇರೆ ಊರಿನಲ್ಲಿ ಅಥವಾ ತೋಟದಲ್ಲಿ ವಾಸವಾಗಿರುವ ಮಾಲೀಕರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬಾಡಿಗೆದಾರ ಒಂದು ತಿಂಗಳೂ ಬಾಡಿಗೆ ಬಾಕಿ ಇಟ್ಟವನಲ್ಲ. ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ ಹಣ ನನ್ನ ಖಾತೆಗೆ ಬಂದು ಬೀಳುತ್ತಿತ್ತು. ಹಣ ಬರುತ್ತಿದೆಯೆಂದರೆ ಮನೆಯೂ ಚೆನ್ನಾಗಿಯೇ ಇದೆ ಎಂದು ನಂಬಿ ಎರಡು ವರ್ಷ ಆ ಕಡೆ ತಲೆ ಹಾಕದಿದ್ದುದೇ ನಾನು ಮಾಡಿದ ಮೊದಲ ತಪ್ಪು.

ಮಡಿಕೇರಿ ಪಟ್ಟಣದ ಅಂಚಿನಲ್ಲಿ ನನ್ನ ತಂದೆ ಕಟ್ಟಿಸಿದ ಎರಡು ಕೋಣೆಗಳ ಹೆಂಚಿನ ಮನೆ ಅದು. ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿದ್ದೇನೆ. 2022ರ ಜನವರಿಯಲ್ಲಿ, ರೆಸಾರ್ಟೊಂದರಲ್ಲಿ ಕೆಲಸ ಮಾಡುತ್ತಿರುವುದಾಗಿ ಹೇಳಿದ ಒಬ್ಬ ಯುವಕ ಹೆಂಡತಿಯೊಡನೆ ಬಂದು ಮನೆ ನೋಡಿ ಹೋದ. ತಿಂಗಳಿಗೆ 9,000 ಬಾಡಿಗೆ, 50,000 ಅಡ್ವಾನ್ಸ್ ಎಂದು ಮಾತಾಯಿತು. ನ್ಯಾಯಾಲಯದ ಬಳಿಯ ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿದ್ದ ನಮೂನೆಯಲ್ಲಿ ಹೆಸರು, ವಿಳಾಸ, ಮೊತ್ತ ತುಂಬಿಸಿ ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಸಹಿ ಹಾಕಿದೆವು. ಮನೆಯನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ, ಇಲ್ಲದಿರುವುದನ್ನು ನಾನು ಗಮನಿಸಲೂ ಇಲ್ಲ. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಪತ್ರವನ್ನೂ ಮಾಡಿಸಲಿಲ್ಲ.

2024ರ ಮೇ ತಿಂಗಳಲ್ಲಿ ಎದುರುಮನೆಯ ಹಿರಿಯರು ಫೋನ್ ಮಾಡಿ, "ಟೀಚರೇ, ನಿಮ್ಮ ಮನೆಯಲ್ಲಿ ಈಗ ಯಾರಿದ್ದಾರೆ? ಶನಿವಾರ ಬಂತೆಂದರೆ ಬೇರೆ ಬೇರೆ ಕಾರು ಬರ್ತದೆ, ರಾತ್ರಿ ಒಂದು ಗಂಟೆಯವರೆಗೆ ಹಾಡು ಕೇಳ್ತದೆ" ಎಂದರು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸವೂ ಇದ್ದುದರಿಂದ ಮರುದಿನವೇ ಆಳನ್ನು ಕರೆದುಕೊಂಡು ಹೋದೆ. ಬಾಡಿಗೆದಾರ ಅಲ್ಲಿರಲಿಲ್ಲ. ಬಾಗಿಲು ತೆರೆದವರು ಬೆಂಗಳೂರಿನಿಂದ ಬಂದಿದ್ದ ನಾಲ್ವರು ಪ್ರವಾಸಿಗರು. ನಾನು ಯಾರೆಂಬುದು ಅವರಿಗೆ ತಿಳಿದಿರಲಿಲ್ಲ. ದೇವರ ಕೋಣೆಯಲ್ಲಿ ಒಂದರ ಮೇಲೊಂದು ಮಂಚವಿದ್ದ ಜೋಡಿ ಮಂಚ ಹಾಕಲಾಗಿತ್ತು. ನನ್ನ ತಾಯಿ ದೀಪ ಇಡುತ್ತಿದ್ದ ಗೂಡಿನಲ್ಲಿ ಮೊಬೈಲ್ ಚಾರ್ಜರುಗಳಿದ್ದವು. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಲ್ಯಾಮಿನೇಟ್ ಮಾಡಿದ ಹಾಳೆಯಲ್ಲಿ ವೈಫೈ ಪಾಸ್‌ವರ್ಡ್, ಬೆಳಗ್ಗೆ 11ಕ್ಕೆ ಚೆಕ್ ಔಟ್, ಕ್ಯಾಂಪ್ ಫೈರ್‌ಗೆ ಪ್ರತ್ಯೇಕ ಹಣ ಎಂದು ಬರೆದಿತ್ತು. ಒಂಬತ್ತು ಸಾವಿರಕ್ಕೆ ನನ್ನಿಂದ ಪಡೆದ ಮನೆಯನ್ನು ಅವನು ಹೋಂಸ್ಟೇ ಎಂದು ದಿನಬಾಡಿಗೆಗೆ ಬಿಡುತ್ತಿದ್ದ. ಅವನ ಸಂಸಾರ ಇದ್ದುದು ಕುಶಾಲನಗರದಲ್ಲಿ.

ಕೊಡಗಿನಲ್ಲಿ ಹೋಂಸ್ಟೇ ನಡೆಸಬೇಕಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ವಿದೇಶಿಯರನ್ನು ಉಳಿಸಿಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು. ಇವೆರಡೂ ನಡೆದಿರಲಿಲ್ಲ. ಆ ಮನೆಯಲ್ಲಿ ಏನಾದರೂ ಅನಾಹುತ ಆಗಿದ್ದರೆ ವಿಚಾರಣೆಗೆ ಮೊದಲು ಹುಡುಕುತ್ತಿದ್ದುದು ಮನೆ ಯಾರ ಹೆಸರಿನಲ್ಲಿದೆಯೋ ಅವರನ್ನೇ. ಅದನ್ನು ನೆನೆದು ಎಷ್ಟೋ ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಎರಡನೆಯ ಪೆಟ್ಟು ವಿದ್ಯುತ್ತಿನದು. ಮೀಟರು ನನ್ನ ಹೆಸರಿನಲ್ಲಿದೆ, ಸಂಪರ್ಕ ಗೃಹಬಳಕೆಯದು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರ ತನ್ನ ಆಧಾರ್ ಜೋಡಿಸಿಕೊಂಡಿದ್ದ. ಬಾಡಿಗೆದಾರರಿಗೂ ಯೋಜನೆಯಲ್ಲಿ ಅವಕಾಶವಿರುವುದರಿಂದ ನಾನೂ ಸಂತೋಷದಿಂದಲೇ ಒಪ್ಪಿದ್ದೆ. ಅಂದಿನಿಂದ ಬಿಲ್ಲನ್ನು ಕೇಳುವುದನ್ನೇ ಬಿಟ್ಟೆ. ಕೇಳಿದ್ದರೆ ವಿಷಯ ಅಲ್ಲಿಯೇ ಗೊತ್ತಾಗುತ್ತಿತ್ತು, ಏಕೆಂದರೆ ಮೊದಲು 60 ಯೂನಿಟ್ ಆಸುಪಾಸಿನಲ್ಲಿದ್ದ ಬಳಕೆ ರಜೆಯ ತಿಂಗಳುಗಳಲ್ಲಿ 200 ದಾಟಿತ್ತು. ಇಬ್ಬರಿರುವ ಮನೆಯಲ್ಲಿ ಅಷ್ಟು ಗೀಸರ್ ಉರಿಯುವುದಿಲ್ಲ. ಯಾರೋ ದೂರು ಕೊಟ್ಟು ತಪಾಸಣೆ ನಡೆದಾಗ ದಂಡದ ನೋಟಿಸ್ ಬಂದದ್ದು ನನಗೆ. ಗೃಹಬಳಕೆಯ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅದಕ್ಕೆ ಅನ್ವಯವಾಗುವ ದರದ ಎರಡರಷ್ಟು ವಿಧಿಸುತ್ತಾರೆ, ಎಂದಿನಿಂದ ಹಾಗೆ ಬಳಸಿದ್ದಾರೆಂದು ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕುತ್ತಾರೆ. ನಾನು ಕಟ್ಟಿದ್ದು 38,400 ರೂಪಾಯಿ.

ಬೀಗ ಬದಲಾಯಿಸಿ ಅವನ ಸಾಮಾನನ್ನು ಹೊರಗಿಡಿ ಎಂದು ಸಲಹೆ ಕೊಟ್ಟವರೇ ಹೆಚ್ಚು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಅವನು ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಅವಕಾಶವಿದೆ. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಮುಖ್ಯವಾಗುವುದಿಲ್ಲ. ಮಡಿಕೇರಿಯ ವಕೀಲರೊಬ್ಬರು ಕರಾರು ಪತ್ರ ಓದಿ ಹೇಳಿದ ಇನ್ನೊಂದು ಮಾತು ನನಗೆ ಅದಕ್ಕಿಂತ ಕಷ್ಟವೆನಿಸಿತು: ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ಬೇಡವೆಂದು ಬರೆಯದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಬಾಯಿಮಾತಿನಲ್ಲಿ "ನೀವಿಬ್ಬರೇ ಇರಬೇಕು" ಎಂದು ನಾನು ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ಪತ್ರದಲ್ಲಿ "ವಾಸಕ್ಕಾಗಿ" ಎಂಬ ಒಂದೇ ಒಂದು ಪದ ಇದ್ದುದರಿಂದ, ವಾಸಕ್ಕೆ ಕೊಟ್ಟದ್ದನ್ನು ವ್ಯಾಪಾರಕ್ಕೆ ಬಳಸಿದ್ದಾನೆಂದು ವಾದಿಸಲು ದಾರಿ ಉಳಿದಿತ್ತು.

ಹನ್ನೊಂದು ತಿಂಗಳು ಮುಗಿದ ಮೇಲೂ ನಾನು ಬಾಡಿಗೆ ಪಡೆಯುತ್ತಿದ್ದುದರಿಂದ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿತ್ತು. ಬಿಡಿಸಲು ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಜೂನ್ ತಿಂಗಳಲ್ಲಿ ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಅವಧಿ ಮುಗಿದು ಕೆಲವೇ ದಿನಗಳಲ್ಲಿ, ಜುಲೈ ಐದರಂದು, ಎಂದಿನಂತೆ 9,000 ರೂಪಾಯಿ ನನ್ನ ಖಾತೆಗೆ ಬಂತು. ತೋಟದಲ್ಲಿ ನೆಟ್‌ವರ್ಕ್ ಸರಿಯಿರದ ಮಳೆಯ ದಿನಗಳು. ಸಂದೇಶ ನೋಡಿ ಸುಮ್ಮನಾದೆ. ನೋಟಿಸ್ ಅವಧಿ ಮುಗಿದ ಮೇಲಿನ ಬಾಡಿಗೆಯನ್ನು ಮಾಲೀಕರು ಒಪ್ಪಿಕೊಂಡರೆ ಆ ನೋಟಿಸನ್ನೇ ಬಿಟ್ಟುಕೊಟ್ಟಂತೆ ಎಂದು ವಾದಿಸಲು ಅದೇ ಕಾಯ್ದೆಯ 113ನೇ ಕಲಮಿನಲ್ಲಿ ಎಡೆಯಿದೆ. ಅವನ ಕಡೆಯ ವಕೀಲರು ಹಿಡಿದದ್ದೂ ಅದನ್ನೇ. ಆಗಸ್ಟಿನಲ್ಲಿ ಎರಡನೆಯ ನೋಟಿಸ್ ಕೊಡಬೇಕಾಯಿತು. ಈಗ ಬಾಡಿಗೆಗೆ ಕೊಟ್ಟವರು ಬಹುತೇಕ ಫೋನಿನಲ್ಲಿಯೇ ಹಣ ಪಡೆಯುವುದರಿಂದ, ಬೇಡವೆಂದು ಕೈಹಿಂತೆಗೆಯುವ ಅವಕಾಶವೇ ನಮಗಿಲ್ಲ. ನೋಟಿಸ್ ಕೊಟ್ಟ ನಂತರ ಅಂಥ ಹಣ ಬಂದರೆ ಅಂದೇ ಹಿಂದಿರುಗಿಸಿ, ಅಥವಾ ಇದನ್ನು ಬಾಡಿಗೆಯೆಂದಲ್ಲ, ಬಳಕೆಯ ಪರಿಹಾರವೆಂದು ಮಾತ್ರ ಪಡೆದಿದ್ದೇನೆ, ನೋಟಿಸ್ ಹಾಗೆಯೇ ಇದೆ ಎಂದು ವಕೀಲರ ಮೂಲಕ ಬರೆದು ತಿಳಿಸಿ.

ಅಷ್ಟರಲ್ಲಿ ಮಳೆ ತನ್ನ ಕೆಲಸ ಮಾಡಿತ್ತು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಲು ಅವನು ಆಳನ್ನು ಮಾಡಿನ ಮೇಲೆ ಹತ್ತಲು ಬಿಡಲಿಲ್ಲ, "ಗೆಸ್ಟ್ ಇದ್ದಾರೆ ಆಂಟಿ, ಆಮೇಲೆ ನೋಡೋಣ" ಎಂದು ಫೋನಿನಲ್ಲೇ ಹೇಳಿದ. ಜುಲೈ, ಆಗಸ್ಟಿನ ಮಡಿಕೇರಿ ಮಳೆಗೆ ಒಡೆದ ನಾಲ್ಕು ಹೆಂಚು ಸಾಕು. ಹಿಂದಿನ ಕೋಣೆಯಲ್ಲಿ ಹೆಂಚಿನ ಭಾರ ಹೊರುವ ಮರದ ಪಕಾಸಿಗಳು ಕುಂಬಾಗಿ ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು. ಕೊನೆಗೆ ಕಾವೇರಿ ಸಂಕ್ರಮಣ ಕಳೆದ ವಾರದಲ್ಲಿ, ಅಡ್ವಾನ್ಸ್ ಪೂರ್ತಿ ಹಿಂದಕ್ಕೆ ಕೊಟ್ಟರೆ ಬಿಡುತ್ತೇನೆಂದು ರಾಜಿಗೆ ಬಂದ. ಮೊಕದ್ದಮೆ ವರ್ಷಗಟ್ಟಲೆ ಎಳೆಯುವುದೆಂಬ ಭಯದಿಂದ ಒಪ್ಪಿದೆ. ದಂಡವೂ ಮಾಡಿನ ದುರಸ್ತಿಯೂ ನನ್ನ ಪಾಲಿಗೇ ಉಳಿದವು. ಅವನ ಆಧಾರ್ ಇನ್ನೂ ನನ್ನ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿದ್ದದ್ದು ಹೊಸಬರು ಗೃಹಜ್ಯೋತಿಗೆ ಅರ್ಜಿ ಹಾಕಲು ಹೋದಾಗಲೇ ಗೊತ್ತಾಯಿತು. ಕೀಲಿಕೈ ವಾಪಸ್ ಪಡೆಯುವ ದಿನವೇ ಅದನ್ನು ಬಿಡಿಸಿಕೊಳ್ಳಬೇಕಿತ್ತು.

ಈಗ ಅಲ್ಲಿರುವ ದಂಪತಿಯ ಕರಾರನ್ನು ವಕೀಲರಿಂದಲೇ ಬರೆಸಿದ್ದೇನೆ. ಯಾರು ಯಾರು ವಾಸಿಸುತ್ತಾರೆ ಎಂಬುದು ಹೆಸರು ಸಹಿತ ಇದೆ. ಒಳಬಾಡಿಗೆ, ದಿನಬಾಡಿಗೆ, ಹೋಂಸ್ಟೇ ಯಾವುದೂ ಕೂಡದು ಎಂದಿದೆ. ಎರಡು ದಿನ ಮುಂಚೆ ತಿಳಿಸಿ ಮನೆ ನೋಡಲು ಬರುವ ಹಕ್ಕೂ, ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವ ಹಕ್ಕೂ ನನಗಿದೆ. ಅವರ ಗುರುತಿನ ಪತ್ರಗಳ ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಸೊನ್ನೆ ಬಿಲ್ ಆದರೂ ಸರಿ, ಪ್ರತಿ ತಿಂಗಳು ಅದರ ಫೋಟೊ ಕಳುಹಿಸುವಂತೆ ಕೇಳಿದ್ದೇನೆ. ಹೋದ ತಿಂಗಳು 54 ಯೂನಿಟ್ ಆಗಿತ್ತು.