ಚಿನ್ನದಂಗಡಿ ಭೂತಕನ್ನಡಿಯಲ್ಲಿ ಜರೀಗಿಡ: ಐದಕ್ಕೆ ಮೂರೂವರೆ ಅಂಕ

ಈ ಪುಟ್ಟ ಭೂತಕನ್ನಡಿ ತರಿಸೋದಕ್ಕೆ ಕಾರಣ ನಮ್ಮತ್ತೆ. ಮಡಿಕೇರಿ ಮನೆಯ ಜಗುಲಿಯಲ್ಲಿರುವ ಸ್ವೋರ್ಡ್ ಫರ್ನ್ ಅನ್ನೋ ಜರೀಗಿಡದ ಎಲೆಯ ಹಿಂದೆ ಕಂದು ಚುಕ್ಕೆ ಕಂಡಿತು ಅಂತ ಅರ್ಧ ಗಿಡ ಕತ್ತರಿಸಿ, ಉಳಿದದ್ದಕ್ಕೆ ಬೇವಿನೆಣ್ಣೆ ಹೊಡೆದಿದ್ದರು. ಹುಳ ಅಲ್ಲ ಅತ್ತೆ ಅಂದರೆ ನಂಬಲಿಲ್ಲ. ಸರಿ, ಕಣ್ಣಾರೆ ನೋಡಲಿ ಅಂತ ಆನ್‌ಲೈನ್‌ನಲ್ಲಿ 280 ರೂಪಾಯಿ ಕೊಟ್ಟು ತರಿಸಿದೆ. ಚಿನ್ನದಂಗಡಿಯವರು ಕಣ್ಣಿಗಿಟ್ಟು ಹರಳು ನೋಡುತ್ತಾರಲ್ಲ, ಅದೇ.

ಡಬ್ಬಿಯ ಮೇಲೆ 30 ಪಟ್ಟು ಅಂತಿದೆ. ನನಗಂತೂ 15 ಅಂದರೆ ಜಾಸ್ತಿ ಅನಿಸಿತು. ನಡುವೆ ಮಾತ್ರ ಸ್ಪಷ್ಟ, ಅಂಚೆಲ್ಲ ಮಂಜು. ಲೈಟ್ ಮೂರು ವಾರಕ್ಕೇ ಕೆಟ್ಟಿತು. ಕನ್ನಡಿಯನ್ನು ಕಣ್ಣಿಗೆ ತಾಗಿಸಿಕೊಂಡು ಎಲೆಯನ್ನೇ ಹತ್ತಿರ ತರಬೇಕು, ಇದನ್ನು ಡಬ್ಬಿಯಲ್ಲಿ ಯಾರೂ ಬರೆದಿಲ್ಲ.

ಆದರೆ ಕಂಡದ್ದು ಮಾತ್ರ ಭರ್ಜರಿ. ಚುಕ್ಕೆಗಳು ನಡುನರದ ಎರಡೂ ಕಡೆ ಸಾಲಾಗಿ, ಅಂಗಿಗೆ ಗುಂಡಿ ಹೊಲಿದ ಹಾಗೆ. ಹುಳ ಇಷ್ಟು ಶಿಸ್ತಾಗಿ ಕೂರುತ್ತಾ? ಒಂದೊಂದಕ್ಕೂ ಗೋಡಂಬಿ ಆಕಾರದ ತೆಳು ಮುಚ್ಚಳ, ಅದರಡಿ ಕಂದು ಚೀಲಗಳ ಗೊಂಚಲು. ಒಂದು ಚೀಲದಲ್ಲಿ ಸಾಮಾನ್ಯವಾಗಿ 64 ಬೀಜಾಣು (ಜರೀಗಿಡ ಬೀಜದ ಬದಲು ಉದುರಿಸುವ ಕಣ) ಇರುತ್ತವೆ, ಈ ಕನ್ನಡಿಗೆ ಅವು ಬರೀ ಧೂಳು. ಎಲೆಯ ತುಂಡನ್ನು ಟೇಬಲ್ ಲ್ಯಾಂಪಿನ ಬಿಸಿಗೆ ಹಿಡಿದೆ ನೋಡಿ. ಚೀಲದ ಬೆನ್ನಿಗೆ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ ಇದೆ, ಅದರ ನೀರು ಆರುತ್ತಾ ಬಂದಂತೆ ಪಟ್ಟಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಚೀಲದ ಬಾಯಿ ತೆರೆಯುತ್ತದೆ, ಒಳಗೆ ಉಳಿದ ನೀರು ಎಳೆತ ತಾಳದೆ ಗುಳ್ಳೆಯಾದ ಕ್ಷಣವೇ ಪಟ್ಟಿ ಫಟ್ ಅಂತ ವಾಪಸ್ ಬಡಿದು ಬೀಜಾಣುಗಳನ್ನು ಕವಣೆ ಕಲ್ಲಿನಂತೆ ಎಸೆಯುತ್ತದೆ. ಪಟ್ಟಿ ಸರಿಯಾಗಿ ಕಾಣಲ್ಲ, ಜಿಗಿತ ಕಾಣುತ್ತದೆ. ಅತ್ತೆಗೆ ತೋರಿಸಿದೆ. "ಜಿಗೀತಾ ಇದೆಯಲ್ಲೋ, ಹುಳಾನೇ!" ಅಂದರು.

ಚಿಕ್ಕವರಿದ್ದಾಗ ಕೈ ಮೇಲೆ ಎಲೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುತ್ತಿದ್ದೆವಲ್ಲ, ಆ ಜರೀಗಿಡವನ್ನೂ ನೋಡಿದೆ. ಬಿಳಿ ಪುಡಿಯೇ ಬೀಜ ಅಂತ ಇಷ್ಟು ವರ್ಷ ನಂಬಿದ್ದೆ. ಅಲ್ಲ, ಪುಡಿ ಎಲೆಯೇ ಸ್ರವಿಸಿದ್ದು, ಬೀಜಾಣು ಚೀಲಗಳು ಬೇರೆಯೇ ಇವೆ. ಗಿಡವೂ ನಮ್ಮದಲ್ಲ, ಅಮೆರಿಕ ಖಂಡಗಳ ಬಿಸಿ ನಾಡುಗಳಿಂದ ಬಂದದ್ದು!

ಆಮೇಲೆ ಹುಚ್ಚು ಹತ್ತಿತು. ಕುದಿಯುವ ನೀರು ಸುರಿದು ತಣಿಸಿದ ಮಣ್ಣಿನ ಮೇಲೆ ಆ ಬೀಜಾಣು ಧೂಳು ಉದುರಿಸಿ, ಐಸ್‌ಕ್ರೀಂ ಡಬ್ಬಿಯಲ್ಲಿ ಮುಚ್ಚಿಟ್ಟೆ. ಕೆಲವು ವಾರ ಹಸಿರು ಪಾಚಿಯ ಥರ ಇತ್ತು. ಎರಡೂವರೆ ತಿಂಗಳಿಗೆ ಕಿರುಬೆರಳ ಉಗುರಿಗಿಂತ ಚಿಕ್ಕ, ಹೃದಯದ ಆಕಾರದ ಹಾಳೆಗಳು. ಜರೀಗಿಡದ ಇನ್ನೊಂದು ತಲೆಮಾರು ಇದು. ಗಂಡು, ಹೆಣ್ಣು ಭಾಗಗಳು ಇದರ ಅಡಿಯಲ್ಲಿರುತ್ತವೆ. ಗಂಡು ಕೋಶ ನೀರಿನಲ್ಲಿ ಈಜಿಯೇ ಅಂಡ ಸೇರಬೇಕು, ಅದಕ್ಕೇ ದಿನಾ ನೀರು ಚಿಮುಕಿಸಿದೆ. ಆ ಈಜು ನೋಡಬೇಕಂದ್ರೆ ಮೈಕ್ರೋಸ್ಕೋಪೇ ಬೇಕು, ಇದರಲ್ಲಿ ಆಗಲ್ಲ. ಮೊನ್ನೆ ಒಂದು ಹಾಳೆಯಿಂದ ಪುಟ್ಟ ಎಲೆ ಎದ್ದಿದೆ.

ಕೊಳ್ಳೋದಾದರೆ ಲೈಟ್ ಇಲ್ಲದ 10 ಪಟ್ಟಿನ ಒಳ್ಳೆ ಗಾಜಿನದು ತಗೊಳ್ಳಿ, ಡಬ್ಬಿ ಮೇಲಿನ ಅಂಕಿ ನಂಬಬೇಡಿ. ನನ್ನದು ಈಗ ಅತ್ತೆಯ ಸೆರಗಿನ ಗಂಟಿನಲ್ಲಿದೆ. ನಿನ್ನೆ ಗುಲಾಬಿ ಗಿಡದಲ್ಲಿ ನಿಜವಾದ ಹುಳ ಹಿಡಿದರು.